ಹೂ ಮುಗಿದ ಸೇವಂತಿಗೆಯ ಬುಡದಲ್ಲಿ

ಹೂವೆಲ್ಲ ಒಣಗಿದ ಸೇವಂತಿಗೆ ಗಿಡ ಸತ್ತೇಹೋದ ಹಾಗೆ ಕಾಣುತ್ತದೆ. ಕಿತ್ತೆಸೆಯುವ ಮುಂಚೆ ಬುಡದ ಮಣ್ಣನ್ನು ಸ್ವಲ್ಪ ಸರಿಸಿ ನೋಡಿ. ಕಾಂಡದ ಸುತ್ತ ಮೊಂಡು ಮೂತಿಯ ಹಸಿರು ಮರಿಗಳು, ಅಂದರೆ ಬುಡದ ಹೊಸ ಚಿಗುರುಗಳು, ಇಣುಕುತ್ತಿರುತ್ತವೆ. ಒಣಗಿದ ಕಾಂಡವನ್ನು ನೆಲದಿಂದ 10-15 ಸೆಂ.ಮೀ. ಬಿಟ್ಟು ಕತ್ತರಿಸಿ, ನೀರು ಕಡಿಮೆ ಮಾಡಿ. ಎಲೆಯಿಲ್ಲದ ಗಿಡ ಹೆಚ್ಚು ನೀರು ಎಳೆಯುವುದಿಲ್ಲ, ಮಣ್ಣು ಸದಾ ಒದ್ದೆಯಾಗಿದ್ದರೆ ಬೇರು ಕೊಳೆಯುತ್ತದೆ.

ಮರಿಗಳನ್ನು ಬೇರು ಸಮೇತ ಬಿಡಿಸಿ ನೆಟ್ಟರೂ ಬದುಕುತ್ತವೆ. ಆದರೆ ಹಳೇ ಮಣ್ಣಿನ ರೋಗವೂ ಬೇರಿಗಂಟಿ ಬರಬಹುದು. ಅದಕ್ಕಿಂತ ಮರಿ ಬೆಳೆದ ಮೇಲೆ ಅದರ ಕುಡಿ ಕತ್ತರಿಸಿ ಬೇರು ಬರಿಸುವುದೇ ವಾಸಿ.

ಕುಡಿ 5-7 ಸೆಂ.ಮೀ. ಇರಲಿ. ಚೂಪಾದ, ಸ್ವಚ್ಛವಾದ ಬ್ಲೇಡಿನಿಂದ ಗೆಣ್ಣಿನ ಕೆಳಗೇ ಕೊಯ್ಯಿರಿ, ಕೆಳಗಿನ ಎಲೆ ತೆಗೆದು ಮೇಲೆ ಮೂರ್ನಾಲ್ಕು ಮಾತ್ರ ಬಿಡಿ. ಉಗುರಿನಿಂದ ಚಿವುಟಿದರೆ ತಟ್ಟನೆ ಮುರಿಯುವಷ್ಟು ಎಳೆಯದಾಗಿರಬೇಕು. ನಾರಾಗಿ ಬಾಗಿದರೆ ಬಲಿತುಹೋಗಿದೆ ಎಂದರ್ಥ, ಬೇರು ನಿಧಾನ. ಮೊಗ್ಗಿರುವ ಕುಡಿಯಂತೂ ಬೇಡವೇ ಬೇಡ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ದಪ್ಪ ಮರಳು ಸಮಪಾಲು ಬೆರೆಸಿ, ಕಡ್ಡಿಯಿಂದ ತೂತು ಮಾಡಿ, 2 ಸೆಂ.ಮೀ. ಆಳಕ್ಕೆ ನೆಡಿ. ಗೊಬ್ಬರ ಈಗಲೇ ಹಾಕಬೇಡಿ. ಬಿಸಿಲು ನೇರ ಬೀಳದ, ಬೆಳಕಿರುವ ಜಾಗದಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಹಿಡಿದುಕೊಂಡರೆ ಕುಂಡಕ್ಕೆ ಬದಲಾಯಿಸುವ ಹೊತ್ತು. ಬುಡ ಕಪ್ಪಾಗಿ ಮೆತ್ತಗಾದರೆ ನೀರು ಜಾಸ್ತಿಯಾಗಿದೆ. ಅಂಥದ್ದನ್ನು ತಕ್ಷಣ ತೆಗೆದುಹಾಕಿ.

ಕುಂಡದಲ್ಲಿ ಗಿಡ 15 ಸೆಂ.ಮೀ. ದಾಟಿದಾಗ ತುದಿ ಚಿವುಟಲೇಬೇಕು. ಮನಸ್ಸು ಬರುವುದಿಲ್ಲ, ನಿಜ. ಚಿವುಟದಿದ್ದರೆ ಒಂಟಿ ಕಾಂಡ ಉದ್ದವಾಗಿ ಎದ್ದು, ತುದಿಯಲ್ಲಿ ನಾಲ್ಕು ಹೂ ಹೊತ್ತು ಬಾಗುತ್ತದೆ. ಪಕ್ಕದ ಕವಲು ಅಷ್ಟೇ ಬೆಳೆದ ಮೇಲೆ ಇನ್ನೊಮ್ಮೆ ಚಿವುಟಿ. ಮೊಗ್ಗು ಕಟ್ಟುವ ಕಾಲ ಹತ್ತಿರವಾದರೆ ಕೈಬಿಡಿ, ಇಲ್ಲವಾದರೆ ಮೊಗ್ಗೇ ಹೋಗುತ್ತದೆ.

ನೀರು ಮಣ್ಣಿಗೆ ಹಾಕಿ, ಎಲೆಗಲ್ಲ. ಎಲೆ ಒದ್ದೆಯಾಗೇ ಇದ್ದರೆ ಕಪ್ಪು ಚುಕ್ಕೆ ರೋಗ ಕೆಳಗಿನ ಎಲೆಯಿಂದ ಹತ್ತಿ ಮೇಲೇರುತ್ತದೆ. ಕುಡಿಯಲ್ಲಿ ಮುತ್ತುವ ಸಸ್ಯಹೇನನ್ನು ಆರಂಭದಲ್ಲೇ ನೀರಿನ ಬಿರುಸಿಗೆ ತೊಳೆದುಬಿಡಬಹುದು, ಆದರೆ ಆ ಕೆಲಸ ಬೆಳಿಗ್ಗೆಯೇ ಮುಗಿಯಲಿ.

ಇಷ್ಟೆಲ್ಲ ಮಾಡಿಯೂ ಗಿಡ ಸೊಂಪಾಗಿದ್ದು ಮೊಗ್ಗು ಬರಲಿಲ್ಲವೇ? ರಾತ್ರಿ ಅದರ ಮೇಲೆ ಬಲ್ಬಿನ ಬೆಳಕು ಬೀಳುತ್ತಿದೆಯೇ ನೋಡಿ. ಸೇವಂತಿಗೆ ಮೊಗ್ಗು ಕಟ್ಟುವುದು ಉದ್ದನೆಯ, ಕಡಿಯದ ಕತ್ತಲೆಯಲ್ಲಿ. ಬಾಗಿಲ ದೀಪದ ಕೆಳಗಿನ ಕುಂಡ ಎಲೆ ಬಿಡುತ್ತಲೇ ಇರುತ್ತದೆ. ಗೊಬ್ಬರ ಹೆಚ್ಚಿಸುವ ಬದಲು ಕುಂಡವನ್ನು ಕತ್ತಲಿರುವ ಕಡೆಗೆ ಸರಿಸಿ.