ಪುಷ್ ರಾಡ್‌ನ ತುದಿಯಲ್ಲಿ ಬಿಡಬೇಕಾದ ಸಂದು

1948ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ತಯಾರಾದ ಮಾರಿಸ್ ಮೈನರ್ ಕಾರಿನಲ್ಲಿ ಬ್ರೇಕ್‌ನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಬಾನೆಟ್ಟಿನೊಳಗೆ ಇರುವುದಿಲ್ಲ. ಚಾಲಕನ ಕಾಲ ಕೆಳಗೆ, ಚಾಸಿಯ ತೊಲೆಯೊಳಗೆ ಅಡಗಿರುತ್ತದೆ. ಬ್ರೇಕ್ ಆಯಿಲ್ ಹಾಕಬೇಕೆಂದರೂ ನೆಲಹಾಸನ್ನು ಎತ್ತಬೇಕು. ಅದರ ಬೋಲ್ಟ್‌ಗಳನ್ನು ಹೊರಗೆಳೆಯಲು ಸ್ಪ್ರಿಂಗಿನಂತೆ ತಿರುಚಿಕೊಳ್ಳುವ ಟಾರ್ಷನ್ ಬಾರ್ ಎಂಬ ಸರಳು ಅಡ್ಡ ಬರುವುದರಿಂದ, ಮರಳಿ ಜೋಡಿಸುವಾಗ ನಾನು ಅವನ್ನು ಎದುರು ಬದಿಯಿಂದ ತೂರಿಸುತ್ತೇನೆ. ಮುಂದೆ ಬಿಚ್ಚುವವರಿಗೆ ಅಷ್ಟು ಶ್ರಮ ತಪ್ಪುತ್ತದೆ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಕಾರಿಗೆ ಹೊಸ ಸಿಲಿಂಡರ್ ಕೂರಿಸಿ, ನಾಲ್ಕೂ ಚಕ್ರಗಳ ಬ್ರೇಕ್ ಆಯಿಲಿನಲ್ಲಿ ಸಿಕ್ಕಿದ್ದ ಗಾಳಿ ತೆಗೆದು, ಪೆಡಲ್ ಗಟ್ಟಿಯಾಗಿದ್ದುದನ್ನು ಕಂಡು ಕೆಲಸ ಮುಗಿಯಿತೆಂದು ನಂಬಿದೆ. ಓಡಿಸಿ ನೋಡಲು ಹೊರಟರೆ, ಐದಾರು ಕಿಲೋಮೀಟರ್ ದಾಟುವಷ್ಟರಲ್ಲಿ ಕಾರು ಎಳೆಯಲಾರದೆ ನಿಧಾನವಾಯಿತು. ನಾಲ್ಕೂ ಚಕ್ರಗಳ ಬ್ರೇಕ್ ಡ್ರಮ್‌ಗಳು ಮುಟ್ಟಲಾಗದಷ್ಟು ಕಾದಿದ್ದವು. ಒಂದು ಚಕ್ರದ, ಗಾಳಿ ತೆಗೆಯುವ ನಿಪ್ಪಲ್ ಸಡಿಲಿಸಿದೊಡನೆ ಆಯಿಲ್ ಚಿಮ್ಮಿತು, ಕಾರು ಸಲೀಸಾಗಿ ಉರುಳಿತು.

ತಪ್ಪು ನನ್ನದೇ ಆಗಿತ್ತು. ಕಾಲು ತೆಗೆದಾಗ ಸಿಲಿಂಡರಿನೊಳಗಿನ ಪಿಸ್ಟನ್ ಪೂರ್ತಿ ಹಿಂದೆ ಸರಿದು, ಅದರ ಮುಂದಿನ ಬಟ್ಟಲಿನಾಕಾರದ ರಬ್ಬರ್ ಸೀಲ್ ಆಯಿಲ್ ತೊಟ್ಟಿಗೆ ತೆರೆಯುವ ಸಣ್ಣ ರಂಧ್ರವನ್ನು ಬಿಟ್ಟುಕೊಡಬೇಕು; ಬಿಸಿಗೆ ಹಿಗ್ಗಿದ ಆಯಿಲ್ ಮರಳುವ ದಾರಿ ಅದೊಂದೇ. ಪೆಡಲಿನ ಒತ್ತಡವನ್ನು ಪಿಸ್ಟನ್ನಿಗೆ ಮುಟ್ಟಿಸುವ ಸರಳಾದ ಪುಷ್ ರಾಡ್‌ನ ಹಳೆಯ ಅಳತೆಯನ್ನು ನಾನು ಹಾಗೆಯೇ ಉಳಿಸಿಕೊಂಡಿದ್ದೆ, ಆದರೆ ಹೊಸ ಸಿಲಿಂಡರಿನಲ್ಲಿ ಪಿಸ್ಟನ್ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತಿದ್ದುದರಿಂದ, ರಾಡ್ ಅದನ್ನು ಸದಾ ಒತ್ತಿಕೊಂಡೇ ಇತ್ತು. ರಂಧ್ರ ಮುಚ್ಚಿತ್ತು, ಬ್ರೇಕ್ ಶೂಗಳ ಉಜ್ಜಾಟಕ್ಕೆ ಆಯಿಲ್ ಕಾದು ಹಿಗ್ಗಿತು, ಹಿಗ್ಗಿದಷ್ಟೂ ಶೂಗಳು ಇನ್ನಷ್ಟು ಬಿಗಿದವು. ತಣ್ಣಗಿದ್ದ ಕಾರಿನಲ್ಲಿ ಇದರ ಸುಳಿವೇ ಸಿಗಲಿಲ್ಲ.

ರಾಡ್‌ನ ಅಳತೆ ಬದಲಾಗದಂತೆ ಹಿಡಿದಿಡುವ ಚೆಕ್ ನಟ್ ಸಡಿಲಿಸಿ, ರಾಡಿಗೂ ಪಿಸ್ಟನ್ನಿಗೂ ನಡುವೆ 1 ಮಿಲಿಮೀಟರ್‌ಗಿಂತ ತುಸು ಕಡಿಮೆ ಸಂದು ಬಿಟ್ಟೆ. ಈಗ ಪ್ರತಿ ಸಲವೂ ಇನ್ನೊಬ್ಬರಿಂದ ಪೆಡಲನ್ನು ಮೆಲ್ಲನೆ ಒತ್ತಿಸಿ, ಟಾರ್ಚ್ ಹಿಡಿದು ತೊಟ್ಟಿಯೊಳಗೆ ನೋಡುತ್ತೇನೆ: ಪಿಸ್ಟನ್ ಅಲುಗಿದ ಮೊದಲ ಕ್ಷಣದಲ್ಲೇ ಆಯಿಲಿನ ಮೇಲೆ ಪುಟ್ಟ ಬುಗ್ಗೆ ಎದ್ದರೆ ರಂಧ್ರ ತೆರೆದಿತ್ತೆಂದು ಅರ್ಥ. ರಾಡ್ ಓರೆಯಾಗಿ ಒತ್ತಿದರೆ ಸಿಲಿಂಡರಿನ ಒಂದೇ ಗೋಡೆ ಸವೆಯುವುದರಿಂದ ಅದು ನೇರವಾಗಿದೆಯೇ ಎಂಬುದನ್ನೂ ನೋಡುತ್ತೇನೆ. ಪೈಪಿನ ನಟ್ಟನ್ನು ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಹಿಡಿಸಿದ ಮೇಲಷ್ಟೇ ಬೋಲ್ಟ್‌ಗಳನ್ನು ಬಿಗಿಯುತ್ತೇನೆ. ಮೊದಲೇ ಬಿಗಿದರೆ ಸಿಲಿಂಡರ್ ಅಲುಗದೆ ನಟ್ಟಿನ ತಿರುಪಿನ ಗೆರೆ ಕೆಡುತ್ತದೆ.

ಅದೇ ಸಂಜೆ ಮತ್ತೆ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ನಿಲ್ಲಿಸಿದಾಗ, ಡ್ರಮ್‌ಗಳ ಮೇಲೆ ಅಂಗೈ ಇಡುವಂತಿತ್ತು.