ಬ್ಲೂಮಿಂಗ್‌ಟನ್‌ನಲ್ಲಿ ಪಿಕಲ್‌ಬಾಲ್: ಮಕ್ಕಳನ್ನು ನೋಡಲು ಹೊರಟ ಅಪ್ಪ-ಅಮ್ಮಂದಿರಿಗೆ

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್‌ಟನ್‌ಗೆ ಹೋಗಿ ಪಿಕಲ್‌ಬಾಲ್ (ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್ಟಿನಾಚೆ ಹೊಡೆಯುವ ಆಟ) ಆಡಬೇಕು ಅಂತಿದ್ದರೆ ಕ್ಯಾಂಪಸ್ಸಿನೊಳಗೆ ಕೋರ್ಟು ಹುಡುಕುತ್ತ ಕೂರಬೇಡಿ, ಊರಿನ ಪಾರ್ಕಿಗೆ ಹೋಗಿ. ಮಗಳು ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ ಅಂತ ಬೇಸಿಗೆಯಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿದ್ದು ಬಂದೆವು. ಈಗ ನಮ್ಮ ಬೆಂಗಳೂರಿನ ಗುಂಪಿನಲ್ಲಿ ಯಾರೇ ಅಲ್ಲಿಗೆ ಹೊರಟರೂ ನಾನು ಮೊದಲು ಹೇಳುವುದು ಇದನ್ನೇ.

ಯೂನಿವರ್ಸಿಟಿ 1820ರಲ್ಲಿ ಶುರುವಾದದ್ದು. 2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ ಸುಮಾರು 79 ಸಾವಿರ. ಇಷ್ಟು ಚಿಕ್ಕ ಊರಿನಲ್ಲಿ ಅಷ್ಟು ದೊಡ್ಡ ಯೂನಿವರ್ಸಿಟಿ ಇದ್ದ ಮೇಲೆ ಆಟದ ಜಾಗವೆಲ್ಲ ಅಲ್ಲೇ ಇರುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಒಳಾಂಗಣಗಳು ಭವ್ಯವಾಗಿಯೂ ಇವೆ. ಆದರೆ ಅವು ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಇರುವಂಥವು, ಬಾಗಿಲಲ್ಲೇ ಗುರುತಿನ ಚೀಟಿ ಕೇಳುತ್ತಾರೆ. ಅತಿಥಿಗಳಿಗೆ ಅವಕಾಶ ಕೊಟ್ಟರೂ ಮಕ್ಕಳ ಬೆನ್ನು ಹಿಡಿದೇ ಹೋಗಬೇಕು. ಬೆಳಗ್ಗೆ ಲ್ಯಾಬಿಗೆ ಹೋದ ಮಗಳು ಬರುವುದು ಕತ್ತಲಾದ ಮೇಲೆ. ಅಲ್ಲಿಯ ತನಕ ಬಾಡಿಗೆ ಮನೆಯ ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡುತ್ತ ಕೂರುವ ಎಷ್ಟೋ ತಂದೆತಾಯಿಯರನ್ನು ನಾನು ಬಲ್ಲೆ. ಅವರಿಗೆಲ್ಲ ಈ ಆಟದ ದಾರಿ ತೋರಿಸಬೇಕೆಂಬ ಆಸೆ ನನಗೆ.

ಆಡಬೇಕಾದ ಜಾಗ ಸ್ವಿಚ್‌ಯಾರ್ಡ್ ಪಾರ್ಕ್. ಹಿಂದೆ ಅದು ರೈಲ್ವೆ ಯಾರ್ಡು. ನಗರದವರು ಅದನ್ನು ಸುಮಾರು 65 ಎಕರೆಯ ಪಾರ್ಕು ಮಾಡಿ 2019ರಲ್ಲಿ ತೆರೆದರು. ಪಿಕಲ್‌ಬಾಲ್‌ಗೆಂದೇ ಕಟ್ಟಿದ ಕೋರ್ಟುಗಳಿವೆ. ಕಾರಿಲ್ಲದವರಿಗೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ. ಹಳೇ ರೈಲು ಹಳಿಯ ಜಾಡಿನಲ್ಲೇ ಮಾಡಿರುವ ಬಿ-ಲೈನ್ ಟ್ರೇಲ್ ಡೌನ್‌ಟೌನ್ ನಡುವಿನಿಂದ ನೇರ ಪಾರ್ಕಿನೊಳಕ್ಕೆ ತಂದು ಬಿಡುತ್ತದೆ. ಟ್ರೇಲಿನ ಉದ್ದ 3 ಮೈಲಿಗೆ ತುಸು ಹೆಚ್ಚು, ದಾರಿ ಸಮತಟ್ಟು, ವಾಹನಗಳ ಕಾಟವಿಲ್ಲ. ಮಗ ಅಥವಾ ಮಗಳು ಮನೆ ಹುಡುಕುತ್ತಿರುವಾಗಲೇ ನೀವು ಬರುವುದು ಖಚಿತವಾಗಿದ್ದರೆ, ಈ ಟ್ರೇಲಿಗೆ ಹತ್ತಿರದಲ್ಲಿ ನೋಡಲು ಹೇಳಿ. ನಿಮ್ಮ ಅರ್ಧ ಪರದಾಟ ಅಲ್ಲಿಗೇ ಮುಗಿಯುತ್ತದೆ.

ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ. ಜುಲೈನಲ್ಲಿ ಮಧ್ಯಾಹ್ನದ ಸೆಕೆ ಮಂಗಳೂರಿನವರಿಗೂ ಸಾಕೆನಿಸುವಂಥದ್ದು. ಬೆಳಗಿನ ಹೊತ್ತು ಬರುವವರಲ್ಲಿ ನಿವೃತ್ತರೇ ಹೆಚ್ಚು, ನಮ್ಮ ವಯಸ್ಸಿನವರಿಗೆ ತಕ್ಕ ಆಟ ಸಿಗುತ್ತದೆ. ಹುಡುಗರ ಜೊತೆ ಕಾದಾಡಬೇಕೆನ್ನುವವರು ಸಂಜೆ ಹೋಗಲಿ.

ಬೆಂಗಳೂರಿನಲ್ಲಿ ನಾವು ಪ್ಲೇಯೋ ಆ್ಯಪಿನಲ್ಲಿ ಗಂಟೆಗಿಷ್ಟು ಅಂತ ಕೋರ್ಟು ಬುಕ್ ಮಾಡಿ, ನಮ್ಮದೇ ನಾಲ್ಕು ಜನರನ್ನು ಸೇರಿಸಿಕೊಂಡು ಹೋಗುತ್ತೇವೆ. ಅಲ್ಲಿಯ ಪಾರ್ಕುಗಳಲ್ಲಿ ಓಪನ್ ಪ್ಲೇ ಅಂತ ಆಡುತ್ತಾರೆ. ಒಬ್ಬರೇ ಹೋಗಬಹುದು. ನಿಮ್ಮ ಪ್ಯಾಡಲ್ಲನ್ನು ಬೇಲಿಗೆ ಹಾಕಿರುವ ಸ್ಟ್ಯಾಂಡಿನಲ್ಲೋ ಸಾಲಿನ ಕೊನೆಯಲ್ಲೋ ಇಡಿ, ಅದೇ ನಿಮ್ಮ ಸರದಿ. 11 ಪಾಯಿಂಟಿನ ಆಟ ಮುಗಿದೊಡನೆ ಸಾಲಿನ ಮುಂದಿನವರು ಒಳಗೆ ಹೋಗುತ್ತಾರೆ. ಗೆದ್ದವರು ಉಳಿಯುತ್ತಾರೋ ನಾಲ್ವರೂ ಹೊರಗೆ ಬರುತ್ತಾರೋ ಎಂಬುದನ್ನು ಕಾಯುತ್ತಿರುವವರಲ್ಲಿ ಕೇಳಿಕೊಳ್ಳಿ, ಒಂದೊಂದು ಕಡೆ ಒಂದೊಂದು ಪದ್ಧತಿ. ಹೊಸಬರು ಅಂತ ಹೇಳಿಕೊಳ್ಳಲು ಸಂಕೋಚ ಬೇಡ. ಜೊತೆಗೆ ನಿಂತು ಆಡಿಸುವವರು ಸಿಗುತ್ತಾರೆ.

ಮೂರು ವಿಷಯ ಮನೆಯಲ್ಲೇ ರೂಢಿ ಮಾಡಿಕೊಂಡು ಹೋಗಿ. ಸರ್ವ್ ಮಾಡುವ ಮೊದಲು ಸ್ಕೋರನ್ನು ಗಟ್ಟಿಯಾಗಿ ಹೇಳಬೇಕು. ಡಬಲ್ಸ್‌ನಲ್ಲಿ ಅದು ಮೂರು ಅಂಕಿ: ನಮ್ಮದು, ಅವರದು, ನಾನು ಒಂದನೇ ಸರ್ವರೋ ಎರಡನೆಯವಳೋ. ಆಟದ ಶುರುವಿಗೇ 'ಝೀರೋ, ಝೀರೋ, ಟೂ' ಅನ್ನುತ್ತಾರೆ, ಗಾಬರಿಯಾಗಬೇಡಿ. ಎರಡನೆಯದು, ನೆಟ್ಟಿನ ಎರಡೂ ಕಡೆ ಇರುವ 7 ಅಡಿಯ ಪಟ್ಟಿ, ಅದಕ್ಕೆ ಕಿಚನ್ ಅನ್ನುತ್ತಾರೆ. ಅದರೊಳಗೆ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆದರೆ ತಪ್ಪು, ಅದನ್ನು ನಾವಾಗಿಯೇ ಒಪ್ಪಿಕೊಳ್ಳಬೇಕೆಂಬುದು ಅಲ್ಲಿಯ ಮರ್ಯಾದೆ. ಮೂರನೆಯದು, ನಮ್ಮ ಕಡೆ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಅನುಮಾನವಾದರೆ ಒಳಗೇ ಬಿತ್ತೆಂದು ಎದುರಿನವರ ಪರವಾಗಿ ಹೇಳಬೇಕು. ಈ ನಿಯಮ ನನಗೆ ತುಂಬ ಹಿಡಿಸಿತು. ಒಂದೂ ಜಗಳ ನೋಡಲಿಲ್ಲ. ಇನ್ನು, ಎಂಬತ್ತರ ಹತ್ತಿರದ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಕೊನೆಯವರೆಗೂ ಅದಕ್ಕೆ ನಾಲಿಗೆ ಏಳಲಿಲ್ಲ.

ಮಳೆ ಬಂದರೆ, ಅಥವಾ ನೀವು ಹೋಗುವುದೇ ಚಳಿಗಾಲದಲ್ಲಾದರೆ, ಟ್ವಿನ್ ಲೇಕ್ಸ್ ರಿಕ್ರಿಯೇಷನ್ ಸೆಂಟರ್ ಇದೆ. ಅದೂ ನಗರದ್ದೇ, ದಿನದ ಪಾಸು ಕೊಂಡು ಒಳಗೆ ಆಡಬಹುದು. ಬಾಸ್ಕೆಟ್‌ಬಾಲ್ ಆಡುವ ಮರದ ನೆಲದ ಮೇಲೆಯೇ ಆಟವಾದ್ದರಿಂದ ಪಿಕಲ್‌ಬಾಲ್‌ಗೆ ಬಿಟ್ಟ ಸಮಯ ಯಾವುದೆಂದು ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಇಲಾಖೆಯ ವೇಳಾಪಟ್ಟಿಯಲ್ಲಿ ನೋಡಿಕೊಂಡೇ ಹೊರಡಿ. ಬೇರೆ ಕಾಲೇಜು ಊರಿಗೆ ಹೋಗುವವರೂ ಮೊದಲು ಆ ಊರಿನ ಇದೇ ಇಲಾಖೆಯನ್ನು ನೋಡಿ, ಆಮೇಲೆ ಕೋರ್ಟು ಹುಡುಕಿಕೊಡುವ ಪಿಕಲ್‌ಹೆಡ್ಸ್ ಆ್ಯಪು.

ಆಗಸ್ಟ್ ಕೊನೆಗೆ ಹುಡುಗರು ವಾಪಸ್ ಬಂದಾಗ ಊರೇ ಬೇರೆಯಾಗುತ್ತದೆ. ಫುಟ್‌ಬಾಲ್ ಪಂದ್ಯದ ಶನಿವಾರಗಳಲ್ಲಿ ಉತ್ತರದ ಸ್ಟೇಡಿಯಂ ಕಡೆ ರಸ್ತೆ ಜಾಮ್. ಪಾರ್ಕು ದಕ್ಷಿಣಕ್ಕಿದೆ, ಆದರೂ ಬಸ್ಸು ನಂಬಿಕೊಂಡು ಹೊರಡಬೇಡಿ. ಮೇ ಮಧ್ಯದಿಂದ ಆಗಸ್ಟ್ ಮೊದಲ ವಾರದವರೆಗಿನ ಕಾಲವೇ ಉತ್ತಮ.

ಪ್ಯಾಡಲ್ ಇಲ್ಲಿಂದಲೇ ಒಯ್ಯಿರಿ, ಚೆಕ್-ಇನ್ ಲಗೇಜಿನಲ್ಲಿ. ಚೆಂಡು ಅಲ್ಲೇ ಕೊಳ್ಳಿ: ಹೊರಗಿನ ಕೋರ್ಟಿಗೆ ಸಾಮಾನ್ಯವಾಗಿ 40 ತೂತಿನದು, ಒಳಗೆ 26 ತೂತಿನದು. ವಾಕಿಂಗ್ ಶೂ ಹಾಕಿಕೊಂಡು ಆಡಬೇಡಿ, ಪಕ್ಕಕ್ಕೆ ಹೆಜ್ಜೆ ಹಾಕುವಾಗ ಪಾದ ತಿರುಚುತ್ತದೆ. ಶಟಲ್ ಅಥವಾ ಟೆನಿಸ್ ಶೂ ಆಗಬೇಕು, ಒಳಗೆ ಆಡುವುದಾದರೆ ನೆಲದಲ್ಲಿ ಗುರುತು ಬೀಳದ ಅಟ್ಟೆಯದು. ಹಿಂದಕ್ಕೆ ಓಡುತ್ತ ಎತ್ತರದ ಚೆಂಡು ಹಿಡಿಯಲು ಹೋಗಬೇಡಿ. ನಮ್ಮ ವಯಸ್ಸಿನವರು ಮಣಿಕಟ್ಟು ಮುರಿದುಕೊಳ್ಳುವುದು ಹಾಗೇ. ಅಮೆರಿಕದಲ್ಲಿ ಒಂದು ಎಕ್ಸ್-ರೇ ಬಿಲ್ಲು ಏನೆಂದು ಮಕ್ಕಳನ್ನು ಕೇಳಿ ನೋಡಿ. ಪ್ರಯಾಣ ವಿಮೆ ಮಾಡಿಸುವಾಗ ಆಟದಲ್ಲಾದ ಗಾಯಕ್ಕೆ ಹಣ ಕೊಡುತ್ತಾರೋ ಇಲ್ಲವೋ ಎಂಬುದನ್ನು ಏಜೆಂಟರ ಬಾಯಿಮಾತಿಗೆ ಬಿಡದೆ ಪಾಲಿಸಿಯಲ್ಲೇ ಓದಿ, ಆಮೇಲೆ ಟಿಕೆಟ್ ಬುಕ್ ಮಾಡಿ.