ಮೂರು ಗಂಟೆಯ 680, ನಮ್ಮ 93 ಪರ್ಸೆಂಟ್

ಆ ಗುರುವಾರದ ಕಾಲ್ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಕ್ಯಾಲಿಫೋರ್ನಿಯಾದ ಬೇ ಏರಿಯಾದ ಒಂದು ಸಣ್ಣ ಟ್ರಾಫಿಕ್ ಕನ್ಸಲ್ಟಿಂಗ್ ಕಂಪನಿಯಲ್ಲಿ ಡೇಟಾ ನೋಡುವವಳು. ಫ್ರೀವೇ ಮೇಲಿನ ಬೋರ್ಡ್‌ಗಳಲ್ಲಿ ‘ಇಂಥ ಕಡೆಗೆ ಇಷ್ಟು ನಿಮಿಷ’ ಅಂತ ಬರುತ್ತದಲ್ಲ, ಆ ಲೆಕ್ಕ ಬೋರ್ಡ್‌ಗೆ ಏರುವ ಮೊದಲು ನಂಬಬಹುದಾ ಅಂತ ಪರೀಕ್ಷೆ ಮಾಡುವುದು ನಮ್ಮ ಕೆಲಸ. ಆಗ ಒಬ್ಬ ವೆಂಡರ್‌ನ ಹೊಸ ಫೀಡ್, ಅಂದರೆ ಆ ನಿಮಿಷಗಳನ್ನು ಬೋರ್ಡ್‌ಗೆ ಕಳಿಸುತ್ತಾ ಇರುವ ಡೇಟಾ, ನಮ್ಮ ಕೈಲಿತ್ತು. ಇಂಟರ್‌ಸ್ಟೇಟ್ 680, ಉತ್ತರ ದಿಕ್ಕು, ಮಿಲ್ಪಿಟಾಸ್‌ನಿಂದ ಡಬ್ಲಿನ್ ಹತ್ತಿರದ 580 ಜಂಕ್ಷನ್ ತನಕ. ಇಪ್ಪತ್ತು ಚಿಲ್ಲರೆ ಮೈಲಿ. ಖಾಲಿ ಇದ್ದರೆ ಇಪ್ಪತ್ತು ನಿಮಿಷದ ದಾರಿ. ಮಧ್ಯಾಹ್ನ ಮೂರಾಯಿತೆಂದರೆ ದಾರಿ ನಡುವಿನ ಸನೋಲ್ ದಿಬ್ಬ ಹತ್ತಲು ಅರ್ಧ ಸಿಲಿಕಾನ್ ವ್ಯಾಲಿ ಸಾಲುಗಟ್ಟಿ ನಿಲ್ಲುತ್ತದೆ.

ಎರಡೂ ತುದಿಯಲ್ಲಿ ಕಂಬಕ್ಕೆ ಬ್ಲೂಟೂತ್ ಡಬ್ಬಿ ಕಟ್ಟಿದ್ದೆವು. ಕಾರಿನೊಳಗಿನ ಫೋನು, ಹೆಡ್‌ಸೆಟ್ಟು ಮೊದಲ ಡಬ್ಬಿಗೆ ಒಮ್ಮೆ ಸಿಗುತ್ತದೆ, ಎರಡನೆಯದಕ್ಕೆ ಇನ್ನೊಮ್ಮೆ ಸಿಗುತ್ತದೆ. ನಡುವಿನ ಸಮಯವೇ ನಮಗೆ ಗ್ರೌಂಡ್ ಟ್ರೂತ್, ಅಂದರೆ ಹೋಲಿಸಿ ನೋಡಲು ನಾವು ನಂಬುವ ನಿಜ ಸಮಯ. ಫೀಡ್ ಹೇಳಿದ್ದನ್ನು ಅದರ ಪಕ್ಕ ಇಟ್ಟಾಗ ಬಂದ ಅಕ್ಯುರಸಿ 93 ಪರ್ಸೆಂಟ್. ಇಲ್ಲಿನ ಫೆಡರಲ್ ನಿಯಮ ಕೇಳುವುದು 85. 2010ರಲ್ಲಿ ಬಂದ ನಿಯಮ ಅದು. 85 ಇರಬೇಕು ಅನ್ನುತ್ತದೆ, ಅದನ್ನು ಅಳೆಯುವ ಬಗೆಯನ್ನು ಕೈಹಿಡಿದು ಹೇಳಿಕೊಡುವುದಿಲ್ಲ. ಮ್ಯಾನೇಜರ್ ಖುಷಿಯಾಗಿ 93 ಅನ್ನೋದನ್ನು ಮೊದಲ ಸ್ಲೈಡ್‌ನಲ್ಲೇ ದಪ್ಪಕ್ಷರದಲ್ಲಿ ಹಾಕಿದರು.

ಕ್ಲೈಂಟ್ ಕಡೆಯ ಹಿರಿಯ ಇಂಜಿನಿಯರ್ ಒಬ್ಬರಿಗೆ ಮಾತ್ರ ಸಮಾಧಾನವಿಲ್ಲ. ‘ಕಾಲ್ ಇರುವ ಹೊತ್ತಿಗೇ ಒಂದು ಕಾರ್ ಬಿಡಿ, ನೋಡೋಣ’ ಅಂದರು. 2008ರ ಫೆಬ್ರವರಿ 8ರಂದು ಬರ್ಕ್ಲಿ ವಿಶ್ವವಿದ್ಯಾಲಯ ಮತ್ತು ನೋಕಿಯಾದವರು ಸೇರಿ ಪಕ್ಕದ ಫ್ರೀವೇ 880ರಲ್ಲಿ ನೂರು ಕಾರು ಓಡಿಸಿದ್ದರು, ಒಂದೊಂದರಲ್ಲೂ ಜಿಪಿಎಸ್ ಇರುವ ಫೋನು. ನಮ್ಮ ಬಜೆಟ್‌ಗೆ ಸಿಕ್ಕಿದ್ದು ಒಂದು ಕಾರು, ಒಬ್ಬ ಧಾರವಾಡದ ಹುಡುಗ. ಇಂಟರ್ನ್ ಆಗಿ ಬಂದವನು. ಫ್ಲೋಟಿಂಗ್ ಕಾರ್, ಅಂದರೆ ಟ್ರಾಫಿಕ್ ಜೊತೆ ಅದರದೇ ವೇಗದಲ್ಲಿ ಸಾಗುವ ಪರೀಕ್ಷೆಯ ಕಾರ್, ಓಡಿಸುವುದರಲ್ಲಿ ಅವನಷ್ಟು ತಾಳ್ಮೆ ನಮ್ಮಲ್ಲಿ ಯಾರಿಗೂ ಇಲ್ಲ. ಎಷ್ಟು ಕಾರನ್ನು ಹಿಂದೆ ಹಾಕಿದನೋ ಅಷ್ಟು ಕಾರಿಗೆ ದಾರಿ ಬಿಡುತ್ತಾನೆ.

3:10ಕ್ಕೆ ಅವನು ಮಿಲ್ಪಿಟಾಸ್‌ನ ಡಬ್ಬಿ ದಾಟಿದ. ಆ ಕ್ಷಣಕ್ಕೆ ಫೀಡ್ ಹೇಳಿದ್ದು 26 ನಿಮಿಷ. ಸ್ಕ್ರೀನ್ ಶೇರ್‌ನಲ್ಲಿ ಒಂದು ಕಡೆ 26, ಇನ್ನೊಂದು ಕಡೆ ಮ್ಯಾಪ್ ಮೇಲೆ ನೀಲಿ ಚುಕ್ಕೆ. ಆಟೋ ಮಾಲ್ ಎಕ್ಸಿಟ್ ತನಕ ಚುಕ್ಕೆ ಚೆನ್ನಾಗೇ ಓಡಿತು. ವಾಷಿಂಗ್ಟನ್ ಬುಲೆವಾರ್ಡ್ ಎಕ್ಸಿಟ್ ಬಳಿ ತೆವಳಲು ಶುರು. ಮ್ಯಾನೇಜರ್ ಹವಾಮಾನದ ಮಾತು ತೆಗೆದರು. ನಾನು ಟೇಬಲ್‌ನ ಬಣ್ಣ ಸರಿಮಾಡುವವಳ ಹಾಗೆ ನಟಿಸುತ್ತಾ ಕೂತೆ.

3:36 ಆಯಿತು. ಫೀಡ್ ಪ್ರಕಾರ ಹುಡುಗ ಡಬ್ಲಿನ್‌ನಲ್ಲಿರಬೇಕು. ಚುಕ್ಕೆ ಶೆರಿಡನ್ ರೋಡ್ ಹತ್ತಿರ, ಅರ್ಧ ದಾರಿಯಲ್ಲಿ. ಕಾಲ್‌ನಲ್ಲಿ ಯಾರೂ ಮಾತಾಡುತ್ತಿಲ್ಲ. ಯಾರೋ ಚಿಪ್ಸ್ ತಿನ್ನುವ ಸದ್ದು ಮಾತ್ರ ಕೇಳುತ್ತಿತ್ತು, ಪುಣ್ಯಾತ್ಮ ಮ್ಯೂಟ್ ಮಾಡಿರಲಿಲ್ಲ. ನಾನು ಮ್ಯಾನೇಜರ್‌ಗೆ ಚಾಟ್‌ನಲ್ಲಿ ಬರೆದೆ: ‘ಎಲ್ಲೋ ಇಳಿದಿದ್ದಾನೆ ಅನ್ಸುತ್ತೆ.’ 680ರಲ್ಲಿ ಮಿಷನ್ ಬುಲೆವಾರ್ಡ್ ಅಂತಲೇ ಎರಡು ಎಕ್ಸಿಟ್ ಇವೆ, ಒಂದು ಹೆದ್ದಾರಿ 262ಕ್ಕೆ, ಇನ್ನೊಂದು 238ಕ್ಕೆ. ಹೊಸಬರು ತಪ್ಪಿ ಇಳಿದು ಮತ್ತೆ ಹತ್ತುವುದು ಉಂಟು. ಇಲ್ಲಾ ಪೆಟ್ರೋಲ್ ಹಾಕಿಸಿರಬೇಕು, ಕಾಫಿ ಕುಡಿದಿರಬೇಕು. ಮ್ಯಾನೇಜರ್ ಅದನ್ನೇ ಕ್ಲೈಂಟ್‌ಗೆ ಹೇಳಿಬಿಟ್ಟರು: ‘ಡ್ರೈವರ್ ಮಧ್ಯೆ ನಿಂತ ಹಾಗಿದೆ, ಈ ರನ್ ಲೆಕ್ಕಕ್ಕಿಲ್ಲ.’

3:51ಕ್ಕೆ ಅವನು 580 ಮುಟ್ಟಿದ. 41 ನಿಮಿಷ. ಕಾರು ನಿಲ್ಲಿಸಿ ಫೋನ್ ಮಾಡಿದಾಗ ಕೇಳಿದೆ, ಎಲ್ಲಪ್ಪಾ ನಿಂತಿದ್ದೆ ಅಂತ.

‘ಅಕ್ಕಾರ, ನಾ ಎಲ್ಲೂ ನಿಂತಿಲ್ರಿ. ರೋಡೇ ನಿಂತಿತ್ರಿ.’

ಜಿಪಿಎಸ್ ಲಾಗ್ ತೆಗೆದು ನೋಡಿದರೆ ಅವನು ಹೇಳಿದ್ದು ಅಕ್ಷರಶಃ ನಿಜ. ಒಂದು ಪಾಯಿಂಟ್ ಕೂಡ ಫ್ರೀವೇ ಬಿಟ್ಟು ಆಚೆ ಹೋಗಿರಲಿಲ್ಲ.

26 ಯಾಕೆ ಬಂತು ಅನ್ನುವುದು ಅಷ್ಟು ಕಷ್ಟದ ಪ್ರಶ್ನೆಯಲ್ಲ. ಫೀಡ್ ಮಾಡುವುದು ಇಷ್ಟೇ: ರೋಡಿನ ಪ್ರತಿ ತುಂಡಿನಲ್ಲಿ ಈಗ ಎಷ್ಟು ಸ್ಪೀಡ್ ಇದೆ ನೋಡಿ, ಎಲ್ಲ ನಿಮಿಷಗಳನ್ನೂ ಕೂಡಿಸುತ್ತದೆ. ಆದರೆ 3:10ಕ್ಕೆ ಮಿಲ್ಪಿಟಾಸ್‌ನಲ್ಲಿರುವವನು ಸನೋಲ್ ಮುಟ್ಟುವುದು 3:10ಕ್ಕಲ್ಲವಲ್ಲ. ಅವನು ಅಲ್ಲಿಗೆ ಬರುವಷ್ಟರಲ್ಲಿ ಕ್ಯೂ ಬೆಳೆದಿರುತ್ತದೆ. ಅದರ ಮೇಲೆ ವೆಂಡರ್ ಹಾಕಿದ ಸ್ಮೂದಿಂಗ್ ಬೇರೆ, ಅಂದರೆ ನಂಬರಿನ ಏರಿಳಿತ ಸವರುವುದು. ನಂಬರ್ ಜಾಸ್ತಿ ಕುಣಿಯಬಾರದು ಅಂತ ಯಾವುದೋ ಮೀಟಿಂಗ್‌ನಲ್ಲಿ ಯಾರೋ ಹೇಳಿದ್ದಂತೆ. ಸಂಜೆ ಕ್ಯೂ ಕರಗುವಾಗ ಇದೇ ಉಲ್ಟಾ, 38 ಅಂದಿದ್ದು 28ರಲ್ಲಿ ಮುಗಿಯುತ್ತದೆ. ಬೇಗ ಮುಟ್ಟಿದವರು ದೂರು ಕೊಡುವುದಿಲ್ಲ, ಅಷ್ಟೇ.

ನನಗೆ ತಲೆ ಕೆಟ್ಟಿದ್ದು ಬೇರೆ ವಿಷಯಕ್ಕೆ. ಇದೇ ರೋಡ್, ಇದೇ ಹೊತ್ತು, ವಾರಗಟ್ಟಲೆ ಬ್ಲೂಟೂತ್ ಡೇಟಾ ನಮ್ಮ ಹತ್ತಿರ ಇತ್ತು. ಅದರಲ್ಲಿ ಯಾಕೆ ಕಾಣಲಿಲ್ಲ?

ಆ ರಾತ್ರಿ ಕೂತು ರಿಜೆಕ್ಟ್ ಶೀಟ್, ಅಂದರೆ ನಾವು ಲೆಕ್ಕದಿಂದ ತೆಗೆದುಹಾಕಿದ ಕಾರುಗಳ ಪಟ್ಟಿ, ತೆರೆದೆ. ಅದನ್ನು ಯಾರೂ ತೆರೆಯುವುದಿಲ್ಲ, ಕಸದ ಬುಟ್ಟಿ ಅದು. ನಮ್ಮ ಔಟ್‌ಲೈಯರ್ ಫಿಲ್ಟರ್ ಹಿಂದಿನ ಕೆಲವು ನಿಮಿಷಗಳ ಕಾರುಗಳ ಸಮಯದ ಮೀಡಿಯನ್ (ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವುದು) ನೋಡುತ್ತದೆ, ಅದಕ್ಕಿಂತ ತೀರಾ ಜಾಸ್ತಿ ಹೊತ್ತು ತೆಗೆದುಕೊಂಡ ಕಾರನ್ನು ‘ಮಧ್ಯೆ ಎಲ್ಲೋ ನಿಂತಿದೆ’ ಅಂತ ಎಸೆಯುತ್ತದೆ. ಒಳ್ಳೆಯ ಉದ್ದೇಶವೇ. ಪೆಟ್ರೋಲ್‌ಗೆ ಇಳಿದವರನ್ನು ತೆಗೆಯಲೇಬೇಕು. ಆದರೆ ಪೆಟ್ರೋಲ್‌ಗೆ ಇಳಿಯುವವರು ದಿನವಿಡೀ ಅಲ್ಲೊಬ್ಬರು ಇಲ್ಲೊಬ್ಬರು ಸಿಗಬೇಕು ತಾನೇ? ಶೀಟ್‌ನಲ್ಲಿ ಮೂರರಿಂದ ನಾಲ್ಕರ ನಡುವೆ ರಾಶಿ ಬಿದ್ದಿತ್ತು. 35, 38, 40, 41 ನಿಮಿಷ. ಕ್ಯೂ ಏಕಾಏಕಿ ಬೆಳೆದಾಗ ಅದರಲ್ಲಿ ಸಿಕ್ಕಿಕೊಂಡ ಮೊದಲ ಕಾರುಗಳು ಅವು. ಫಿಲ್ಟರ್ ಅವರನ್ನೆಲ್ಲ ಕಾಫಿಗೆ ಕಳಿಸಿಬಿಟ್ಟಿತ್ತು. ನಾನು ಆ ಹುಡುಗನ ಮೇಲೆ ಪಟ್ಟ ಅನುಮಾನವನ್ನೇ ಫಿಲ್ಟರ್ ದಿನವೂ ಎಲ್ಲರ ಮೇಲೂ ಪಡುತ್ತಿತ್ತು. ಫೀಡ್ ತಪ್ಪಿದ ಕಡೆಯೆಲ್ಲ ಸಾಕ್ಷಿಯನ್ನು ನಾವೇ ಎಸೆದಿದ್ದೆವು.

ಇನ್ನೊಂದು ಕಥೆ ಜಾಯಿನ್‌ದು, ಅಂದರೆ ಎರಡು ಡೇಟಾವನ್ನು ಸಮಯ ನೋಡಿ ಜೋಡಿಸುವುದರದು. ಬ್ಲೂಟೂತ್ ರೆಕಾರ್ಡ್‌ನಲ್ಲಿ ಎರಡು ಟೈಮ್‌ಸ್ಟ್ಯಾಂಪ್ ಇರುತ್ತವೆ, ಹೊರಟಿದ್ದು ಮತ್ತು ಮುಟ್ಟಿದ್ದು. ನಮ್ಮ ಟೆಂಪ್ಲೇಟ್ ಫೀಡ್ ಜೊತೆ ಹೊಂದಿಸುತ್ತಿದ್ದದ್ದು ಮುಟ್ಟಿದ ಸಮಯವನ್ನು. ಹುಡುಗನ ರನ್ ತೆಗೆದುಕೊಳ್ಳಿ. 3:51ಕ್ಕೆ ಫೀಡ್ ತಡವಾಗಿ ಎಚ್ಚೆತ್ತು 40 ಅನ್ನುತ್ತಿತ್ತು. ಅವನಿಗೆ ಆಗಿದ್ದು 41. ಟೇಬಲ್‌ನಲ್ಲಿ ನೋಡಿದರೆ ಒಂದು ನಿಮಿಷದ ವ್ಯತ್ಯಾಸ, ಹಸಿರು ಬಣ್ಣ! ಬೋರ್ಡ್ ಇರುವುದು ಮಿಲ್ಪಿಟಾಸ್‌ನಲ್ಲಿ, ಅವನು ಓದುವುದು 3:10ಕ್ಕೆ. ಮನೆ ಮುಟ್ಟಿದ ಮೇಲೆ ಸರಿಯಾದ ಉತ್ತರ ಹೇಳಿದರೆ ಯಾರಿಗೆ ಬೇಕು? ಟೆಂಪ್ಲೇಟ್ ಬರೆದವರು ಯಾರು ಅಂತ ಕೇಳಿದೆ. ಕಂಪನಿ ಬಿಟ್ಟು ಹೋಗಿದ್ದಾರೆ ಅಂದರು. ಎಲ್ಲ ಕಂಪನಿಯಲ್ಲೂ ಹಾಗೇ ಅಲ್ವಾ, ತಪ್ಪು ಫೈಲ್ ಬರೆದವರು ಯಾವತ್ತೂ ಬಿಟ್ಟು ಹೋದವರೇ.

93 ತಂದುಕೊಟ್ಟ ಸರಾಸರಿಯ ಬಗ್ಗೆ ಬೈಯದಿದ್ದರೆ ನಿದ್ದೆ ಬರುವುದಿಲ್ಲ. ದಿನಕ್ಕೆ ಐದು ನಿಮಿಷದ 288 ತುಂಡು. ನಾವು ಎಲ್ಲಕ್ಕೂ ಒಂದೇ ತೂಕ ಕೊಟ್ಟಿದ್ದೆವು. ರಾತ್ರಿ ಎರಡು ಗಂಟೆಗೆ 680ರಲ್ಲಿ ಇಪ್ಪತ್ತು ನಿಮಿಷ ಸಾಕು ಅಂತ ನಮ್ಮಮ್ಮ ಮೈಸೂರಿನಿಂದಲೇ ಹೇಳಿಯಾರು, ಅದಕ್ಕೆ ಫೀಡ್ ಯಾಕೆ ಬೇಕು? ಪೂರ್ವ ತೀರದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಇಂಥದೇ ಬ್ಲೂಟೂತ್ ಪರೀಕ್ಷೆ ಮಾಡುವಾಗ ಸ್ಪೀಡ್ ಪ್ರಕಾರ ಬೇರೆಬೇರೆ ಬುಟ್ಟಿಗೆ ಹಾಕುತ್ತಿದ್ದರು: ಗಂಟೆಗೆ 30 ಮೈಲಿಯೊಳಗೆ, 30ರಿಂದ 45, 45ರಿಂದ 60, ಅದರ ಮೇಲೆ. ಒಂದೊಂದು ಬುಟ್ಟಿಗೂ ಬೇರೆ ತಪ್ಪಿನ ಲೆಕ್ಕ. ನಾನೂ ಹಾಗೇ ಮಾಡಿದೆ. ಎಸೆದ ಕಾರುಗಳನ್ನು ವಾಪಸ್ ತಂದು, ಅವುಗಳಲ್ಲಿ ನಿಜವಾಗಿ ಒಂಟಿಯಾಗಿ ತಡವಾದವನ್ನು ಮಾತ್ರ ತೆಗೆದೆ. ಹೊರಟ ಸಮಯಕ್ಕೆ ಜಾಯಿನ್ ಮಾಡಿದೆ. 60ರ ಮೇಲಿನ ಬುಟ್ಟಿ ಫಳಫಳ ಅನ್ನುತ್ತಿತ್ತು. ನಿಧಾನದ ಬುಟ್ಟಿಗಳು 85ರ ಹತ್ತಿರಕ್ಕೂ ಸುಳಿಯಲಿಲ್ಲ.

ಮುಂದಿನ ಕಾಲ್‌ನಲ್ಲಿ ಆ ಹಿರಿಯ ಇಂಜಿನಿಯರ್ ಏನೂ ಅನ್ನಲಿಲ್ಲ. ಟೇಬಲ್ ನೋಡಿ, ‘ಮಂಗಳವಾರ, ಬುಧವಾರ ಕೂಡ ಹೀಗೇನಾ?’ ಅಂತ ಕೇಳಿದರು. ಹೌದು ಅಂದೆ. ವೆಂಡರ್ ಕಡೆಯವರು ಮಾತ್ರ ನಮ್ಮ ಡಬ್ಬಿಗಳ ಬ್ಯಾಟರಿ ಸರಿಯಿತ್ತಾ ಅಂತ ಮೂರು ಸಲ ಕೇಳಿದರು. ಸರಿಯಿತ್ತು.

ಫೀಡ್ ವಾಪಸ್ ಹೋಯಿತು. ಹೊಸ ಟೆಂಡರ್‌ನಲ್ಲಿ ಎರಡು ಸಾಲು ಸೇರಿವೆ. ಅಕ್ಯುರಸಿಯನ್ನು ಹೊರಟ ಸಮಯಕ್ಕೆ ಹೊಂದಿಸಿ ತೋರಿಸಬೇಕು, ರಿಜೆಕ್ಟ್ ಆದ ರೆಕಾರ್ಡ್‌ಗಳನ್ನು ಗಂಟೆವಾರು ಎಣಿಸಿ ಕೊಡಬೇಕು. ಸ್ಮೂದಿಂಗ್ ಬಗ್ಗೆಯೂ ಒಂದು ಸಾಲು ಬರೆದು ಕಳಿಸಿದ್ದೆ. ಅದನ್ನು ‘ಮುಂದಿನ ಹಂತಕ್ಕೆ’ ಅಂತ ತೆಗೆದರು. ಮ್ಯಾನೇಜರ್ ಈಗಲೂ ಮೊದಲ ಸ್ಲೈಡ್‌ಗೆ ಒಂದೇ ನಂಬರ್ ಕೇಳುತ್ತಾರೆ. ನಾನು ಮೂರು ಗಂಟೆಯದ್ದನ್ನು ಕೊಡುತ್ತೇನೆ.